ಎಡಚ

ಗೋಣಿಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ
ಮೊಯ್ದು ಕಾಕನ ಮೊಟ್ಟೆ ಅಂಗಡಿ, ಅದರ ಅಟ್ಟದಲ್ಲಿ
ಮೂರು ಟೀವಿ, ಎರಡು ಮುರುಕು ಸ್ಟೂಲು,
ಅರ್ಧ ಗಂಟೆಗೆ ಐದು ರೂಪಾಯಿ.
ಪಕ್ಕದಂಗಡಿಯ ಒಣಮೀನಿನ ವಾಸನೆ
ನಮಗಿಂತ ಮುಂಚೆ ಏಣಿ ಹತ್ತಿ ಕೂತಿರುತ್ತಿತ್ತು.

ಆಟದ ಹೆಸರು ಯಾರಿಗೂ ಗೊತ್ತಿಲ್ಲ,
ಕ್ಯಾಸೆಟ್ಟಿನ ಚೀಟಿ ಯಾವಾಗಲೋ ಕಿತ್ತುಹೋಗಿತ್ತು.
ಕೆಂಪು ರುಮಾಲಿನವನು ಓಡುತ್ತಾನೆ, ಹಾರುತ್ತಾನೆ,
ಬಾವಲಿ ಕಡಿಯುತ್ತಾನೆ, ಬಲಕ್ಕೆ, ಬಲಕ್ಕೆ, ಇನ್ನೂ ಬಲಕ್ಕೆ.
ಆ ಲೋಕದಲ್ಲಿ ಎಡ ಎಂದರೆ ಹಿಂದೆ.

ಮೂರನೇ ಹಂತದ ಕೊನೆಗೆ
ಕಲ್ಲುಸೇತುವೆಯ ಮೇಲೆ ಸಂಗೀತ ನಿಲ್ಲುತ್ತದೆ.
ಅವನ ಕಾಲಡಿಯ ಕಪ್ಪು
ಕಾವಲಿಯ ರೊಟ್ಟಿಯಂತೆ ಅಂಚು ಬಿಟ್ಟು ಏಳುತ್ತದೆ:
ಅದೇ ರುಮಾಲು, ಬಣ್ಣ ಮಾತ್ರ ಇಲ್ಲ.
ಅದೇ ಕತ್ತಿ.
ಎಡಗೈಯಲ್ಲಿ.

“ಎಡಚ ಬಂದ, ಕಡಿ ದೇಚು, ಕಡಿ!”
ಬೋಜಣ್ಣ ಕಿರುಚುತ್ತಿದ್ದ, ಸಿರಾಜು ಸ್ಟೂಲು ಬಡಿಯುತ್ತಿದ್ದ.
ಕಡಿದೆ. ಹೊಗೆಯಾಗಿ ಕಲ್ಲಿನೊಳಗೆ ಇಳಿಯಿತು.
ಹೋಗುವಾಗ ಎರಡೇ ಸ್ವರದ ಒಂದು ನಗೆ,
ಕೆಟ್ಟ ಕಾಲಿಂಗ್ ಬೆಲ್ಲಿನ ಹಾಗೆ.
ಏಳನೇ ಹಂತದಲ್ಲಿ ಮತ್ತೆ ಬಂತು,
ಮೂರರಲ್ಲಿ ನಾನು ಮಾಡಿದ್ದನ್ನೆಲ್ಲ ಬಾಯಿಪಾಠ ಮಾಡಿಕೊಂಡು.

ಅವರಿಗೆ ಗೊತ್ತಿರಲಿಲ್ಲ, ಅಥವಾ ಮರೆತಿದ್ದರು,
ಒಂದನೇ ಕ್ಲಾಸಿನ ತನಕ ನಾನೂ ಎಡಚಿ.
ಅಜ್ಜಿ (ನಮ್ಮಲ್ಲಿ ಅವರನ್ನು ತಾಯಿ ಎನ್ನುತ್ತೇವೆ)
ಊಟಕ್ಕೆ ಕೂತಾಗ ನನ್ನ ಎಡಗೈಗೆ
ಹಳೆಯ ವಸ್ತ್ರದ ಚೂರು ಸುತ್ತಿ ಸೊಂಟಕ್ಕೆ ಸಿಕ್ಕಿಸುತ್ತಿದ್ದರು,
ಸಿಟ್ಟಿಲ್ಲದೆ, ಕರುವಿಗೆ ಕುಕ್ಕೆ ಕಟ್ಟುವ ಹಾಗೆ.
ಎಡವಟ್ಟು, ಎಡರು, ಎಡವುವುದು, ಎಡಬಿಡಂಗಿ:
ಭಾಷೆಯೇ ಅವರ ಕಡೆಗಿತ್ತು.
ಕುಟ್ಟಯ್ಯ ಮೇಷ್ಟ್ರು ಹಾಕಿ ಸ್ಟಿಕ್ಕು ಕೊಡುವಾಗಲೂ ಅಂದರು,
“ಚಪ್ಪಟೆ ಮುಖ ಒಂದೇ ಕಡೆ. ಎಡಚರಿಗೆ ಅಂತ
ಯಾರೂ ಬೇರೆ ಕೆತ್ತುವುದಿಲ್ಲ.”

ಹನ್ನೊಂದನೇ ಹಂತ. ಕೈಲ್‌ಪೊಳ್ದಿನ ಮರುದಿನ.
ಹಬ್ಬದ ಕೈಕಾಸು ಮೂವತ್ತು ರೂಪಾಯಿ ಜೇಬಲ್ಲಿ.
ಹಾರಿದರೆ ಹಾರುತ್ತದೆ, ಕೂತರೆ ಕೂರುತ್ತದೆ,
ಯಾವ ಬಟನ್ ಒತ್ತುತ್ತೇನೆಂದು
ನನ್ನ ಹೆಬ್ಬೆರಳಿಗಿಂತ ಮೊದಲು ಅದಕ್ಕೆ ಗೊತ್ತು.
ಇನ್ನೊಂದೇ ಏಟು. ಯಾರಿಗೆ ಅನ್ನುವುದಷ್ಟೇ ಬಾಕಿ.
ಕರೆಂಟು ಹೋಯಿತು.

ಕಪ್ಪು ಗಾಜಿನಲ್ಲಿ ಕಿಟಕಿಯ ಒಂದು ಚೌಕ ಬೆಳಕು,
ಎರಡು ಜಡೆ, ಒಂದು ಮುಖ.
ನಾನು ಬಲಗೈ ಎತ್ತಿದೆ.
ಗಾಜಿನವಳು ಎಡಗೈ ಎತ್ತಿದಳು.
ನಗಲಿಲ್ಲ.
ಹಾಗೇ ಎತ್ತಿಕೊಂಡು ಕೂತಳು, ಕ್ಲಾಸಿನಲ್ಲಿ ಉತ್ತರ ಗೊತ್ತಿದ್ದೂ
ಯಾರೂ ಕೇಳದ ಹುಡುಗಿಯಂತೆ.
ಮೊಯ್ದು ಕಾಕ ಮೇಣದಬತ್ತಿ ಹಿಡಿದು ಬಂದು,
“ದುಡ್ಡು ವಾಪಸ್ಸಿಲ್ಲ ಮಗಳೇ” ಅಂದರು.

ಪೊನ್ನಂಪೇಟೆಯ ಮೈದಾನದಲ್ಲಿ ಆ ಡಿಸೆಂಬರ್
ಚೆಂಡು ನನ್ನ ತಪ್ಪು ಬದಿಗೆ ಬಂತು.
ಸ್ಟಿಕ್ಕು ತಾನಾಗಿ ತಿರುಗಿತು, ಮೂತಿ ಕೆಳಗಾಗಿ,
ಎಡ ಮಣಿಕಟ್ಟು ಹೊಡೆಯಿತು, ನಾನು ನೋಡುತ್ತಿದ್ದೆ.
ಗೋಲಾಗಲಿಲ್ಲ. ಕಂಬಕ್ಕೆ ಬಡಿದು,
ಗೋಲಿಯವಳ ಪ್ಯಾಡಿಗೆ ಬಡಿದು, ಹೊರಗೆ.
ಎರಡೇ ಸ್ವರ.
ಮೈದಾನದಲ್ಲಿ ನಕ್ಕವಳು ನಾನೊಬ್ಬಳೇ,
ಮೇಷ್ಟ್ರು ಬೈದರು.

ಅಟ್ಟದಲ್ಲೀಗ ಮೊಬೈಲ್ ರಿಪೇರಿ.
ಹನ್ನೊಂದು ದಾಟಿದವರನ್ನು ನಾನು ನೋಡಿಲ್ಲ,
ದಾಟಿದೆ ಅಂತ ಬೋಜಣ್ಣ ಹೇಳುತ್ತಾನೆ, ಅವನ ಮಾತು ಬಿಡಿ.

ತಾಯಿ ತೀರಿಕೊಂಡ ವರ್ಷ
ಕಾರಣರಿಗೆ ಬಡಿಸುವಾಗ ಒಳಗೆ ನಾನೊಬ್ಬಳೇ ಇದ್ದೆ.
ಬಾಳೆಲೆ ಹಾಸಿ, ಕಡಂಬುಟ್ಟು ಎರಡು, ಕೋಳಿಸಾರು,
ಅವರು ಕದ್ದು ಕುಡಿಯುತ್ತಿದ್ದ ಬ್ರಾಂದಿ ಒಂದು ಮುಚ್ಚಳ.
ಪಟ್ಟಿಗೆ ಸೇರಿಸಲು ಮರೆತಿದ್ದ ಮಾತು: ಎಡೆ.
ಸೌಟನ್ನು ಎಡಗೈಗೆ ದಾಟಿಸಿದೆ.
ದೀಪ ನನ್ನ ಬೆನ್ನಿಗಿತ್ತು.
ಎದುರಿನ ಗೋಡೆಯಿಂದ ಯಾರೋ, ನನ್ನಷ್ಟೇ ಎತ್ತರ,
ಬಲಗೈ ಚಾಚಿ,
ಸಾರು ಚೆಲ್ಲದ ಹಾಗೆ
ಬಡಿಸಿದರು.